ಹತ್ತು ಹಾಕಿದರೆ ನಾಲ್ಕು

ಮಾರ್ಚ್ ೧೪, ಶುಕ್ರವಾರ
ಬೆಳಿಗ್ಗೆ ಹತ್ತೂಕಾಲು

ಪ್ರೀತಿಯ ಮೆಣಸಿನಕಾಯಿಗೆ,

ಈ ಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತೇಳು ವರ್ಷಗಳ ಮೇಲೆ ಬರೆಯುವ ಪತ್ರವನ್ನು ‘ಮಾನ್ಯರೇ’ ಎಂದು ಶುರು ಮಾಡಿದರೆ ನೀನು ಮೊದಲ ಸಾಲಿಗೇ ಹರಿದು ಬಿಸಾಡುತ್ತೀಯ ಎಂಬುದು ಮಾತ್ರ ಗೊತ್ತು. ಹರಿಯುವುದಿದ್ದರೆ ಕೊನೆಯವರೆಗೆ ಓದಿ ಹರಿ. ಲಕೋಟೆಯೊಳಗೆ ಇನ್ನೊಂದು ಹಾಳೆ ಇದೆ, ಹಳದಿಗೆ ತಿರುಗಿರುವುದು. ಅದೊಂದನ್ನು ಹರಿಯಬೇಡ. ಅದೇನೆಂದು ಆಮೇಲೆ ಹೇಳುತ್ತೇನೆ.

ಬರೆದವಳು ಯಾರೆಂದು ಅಕ್ಷರ ನೋಡಿಯೇ ಗುರುತು ಹಿಡಿದಿರುತ್ತೀಯ. ಹೌದು, ನಾನೇ, ನಿನ್ನ ಗಡಿಯಾರ. ಗೋಡೆಯ ಗಡಿಯಾರ ಸದಾ ನಾಲ್ಕು ನಿಮಿಷ ಹಿಂದೆ ಓಡುತ್ತಿದ್ದ ಆ ಲ್ಯಾಬಿನಲ್ಲಿ ಸರಿಯಾದ ಹೊತ್ತು ಬೇಕಾದರೆ ನನ್ನ ಮುಖ ನೋಡಬೇಕು ಎಂದು ನನಗೆ ಹೆಸರಿಟ್ಟವಳು ನೀನೇ. ನಿವೃತ್ತಳಾಗಿ ಮೂರು ವರ್ಷವಾಯಿತು. ಈಗಲೂ ಹತ್ತೂಕಾಲಾದರೆ ಟೀ ಬೇಕು, ಒಂದೂವರೆಗೆ ಊಟ. ನಮ್ಮ ಯಜಮಾನರು ನನ್ನನ್ನು ನೋಡಿಯೇ ತಮ್ಮ ಮಾತ್ರೆ ನುಂಗುತ್ತಾರೆ.

ನಿನ್ನ ವಿಳಾಸ ಕೊಟ್ಟದ್ದು ಗಾಜಿನಣ್ಣ. ನಮ್ಮ ಫ್ಲಾಸ್ಕು, ಬೀಕರು, ಪಿಪೆಟ್ಟುಗಳನ್ನೆಲ್ಲ ಮೂರು ಸಲ ಆಸಿಡ್‌ನಲ್ಲಿ ಅದ್ದಿ, ಮೂರು ಸಲ ನೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ನೋಡಿ ಇಡುತ್ತಿದ್ದ ಪುಣ್ಯಾತ್ಮ. ಹೋದ ತಿಂಗಳು ಕಣ್ಣಾಸ್ಪತ್ರೆಯ ಸಾಲಿನಲ್ಲಿ ಸಿಕ್ಕ. ಎಪ್ಪತ್ತೆಂಟು ದಾಟಿದೆ, ಬೆರಳುಗಳು ಮಾತ್ರ ಹಾಗೇ ಇವೆ, ಆಸಿಡ್ ತಿಂದ ಬಿಳೀ ಕಲೆಗಳ ಸಮೇತ. ನೀನು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿ ಇಟ್ಟಿದ್ದೀಯ, ಬದುಕು ಚೆನ್ನಾಗಿದೆ ಎಂದ. ನನಗೆ ಹಗುರಾಯಿತು. ಆಮೇಲೆ ಒಂದು ಮಾತು ಹೇಳಿದ. ‘ಗಾಜು ಕುಯ್ಯೋಕೆ ಮುಂಚೆ ಆಯಮ್ಮ ಒಂದು ಸಲ ಅಳೀತಾಳೆ, ಎರಡು ಸಲ ಅಳೀತಾಳೆ, ಆಮೇಲೆ ಜೊತೇಲಿರೋ ನಾದಿನೀನ, ತಮ್ಮನ ಹೆಂಡ್ತೀನ, ಕರೆದು ನೀನೊಂದು ಸಲ ನೋಡು ಅಂತಾಳೆ. ನನ್ನ ಕೈ ನಂಬೋ ಹಾಗಿಲ್ಲ ಅಂತಾಳೆ’ ಎಂದ. ಡಾಕ್ಟರು ನನ್ನ ಕಣ್ಣಿಗೆ ಮದ್ದು ಬಿಡುವ ಮೊದಲೇ ಕಣ್ಣು ತುಂಬಿತ್ತು. ಇಂಥ ಒಳ್ಳೆಯ ರೋಗಿ ದಿನಾ ಸಿಗಲ್ಲ ಎಂದು ನರ್ಸ್ ತಮಾಷೆ ಮಾಡಿದಳು.

ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ. ನಿನ್ನ ಕೈ ನಂಬುವ ಹಾಗಿತ್ತು. ಅದನ್ನು ರುಜುವಾತು ಸಮೇತ ಹೇಳುವುದು ನನ್ನ ಮೇಲಿರುವ ಕೆಲಸ.

ಅದಕ್ಕೆ ಮುಂಚೆ ಸ್ವಲ್ಪ ಹಳೆಯದನ್ನು ನೆನೆಸಿಕೊಳ್ಳುತ್ತೇನೆ, ಸಹಿಸಿಕೋ. ಆ ಉದ್ದನೆಯ ಕೋಣೆ, ಸೈಕಲ್ ನಿಲ್ಲಿಸುವ ಅಂಗಳದ ಕಡೆಗಿದ್ದ ಮೂರು ಕಿಟಕಿ, ಅದರಲ್ಲಿ ಮಧ್ಯದ್ದು ತೆಗೆದರೆ ಮುಚ್ಚುತ್ತಿರಲಿಲ್ಲ, ಮುಚ್ಚಿದರೆ ತೆಗೆಯುತ್ತಿರಲಿಲ್ಲ. ನಮ್ಮಿಬ್ಬರಿಗೂ ಸೇರಿ ಒಂದೇ ಮೇಜು. ನಿನ್ನ ಸ್ಟೂಲಿನ ಕಾಲೊಂದು ಗಿಡ್ಡವಾಗಿತ್ತೆಂದು ಫಿಲ್ಟರ್ ಕಾಗದ ಮಡಚಿ ಇಟ್ಟಿದ್ದೆವು. ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆಗೆ ಬಂದವರು, ಫಿಲ್ಟರ್ ಕಾಗದ ಇಷ್ಟು ಖರ್ಚಾಗುವುದು ಹೇಗೆ ಎಂದು ಕೇಳಿದಾಗ ನೀನು ಗಂಭೀರವಾಗಿ, ‘ಆಧಾರ ಸಂಶೋಧನೆಗೆ’ ಎಂದಿದ್ದೆ. ಅವರು ಅದನ್ನು ಬರೆದುಕೊಂಡೇ ಹೋದರು.

ಮತ್ತೆ ಆ ಪುದೀನ ವಾಸನೆ. ಟೂತ್‌ಪೇಸ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಎಲ್ಲಿಯೂ ಗುಟ್ಟಾಗಿ ಹೋಗುವಂತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಪಕ್ಕದವರು ಮೂಗು ಅರಳಿಸುತ್ತಿದ್ದರು. ನನ್ನ ಮಗಳಿಗೆ ಆಗ ನಾಲ್ಕು ವರ್ಷ. ಅಮ್ಮಂದಿರೆಲ್ಲ ಹುಟ್ಟುತ್ತಲೇ ಪುದೀನ ವಾಸನೆ ಹೊತ್ತು ಬರುತ್ತಾರೆ ಎಂದುಕೊಂಡಿದ್ದಳು. ಮಕ್ಕಳಿಗೆಂದು ನಮ್ಮಲ್ಲಿ ತಯಾರಾಗುತ್ತಿದ್ದ ಗುಲಾಬಿ ಪೇಸ್ಟಿನ ಟ್ಯೂಬನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಸ್ಟ್ರಾಬೆರಿ ರುಚಿ ಇತ್ತಲ್ಲ, ಹಲ್ಲುಜ್ಜುವುದಕ್ಕಿಂತ ನುಂಗುತ್ತಿದ್ದುದೇ ಹೆಚ್ಚು.

ಟಿಪ್ಪಣಿ ಪುಸ್ತಕದ ಕಾನೂನು ನೆನಪಿದೆಯಾ? ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಬಿಳೀ ಬಣ್ಣ ಬಳಿಯುವಂತಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ, ಕೆಳಗಿನ ತಪ್ಪು ಕಾಣುತ್ತಲೇ ಇರಬೇಕು. ಮೇಲೆ ಸರಿಯಾದದ್ದು, ಪಕ್ಕದಲ್ಲಿ ಸಹಿ, ತಾರೀಖು. ನಿನ್ನ ಗಂಡ ಮದುವೆಯಾದ ವರ್ಷದಲ್ಲೇ ಬೇರೆ ಹೋದಾಗ, ಅತ್ತು ಮುಗಿಸಿದ ಮೇಲೆ ನೀನು ಕೇಳಿದ್ದೆ, ‘ಅವನ ಮೇಲೂ ಒಂದೇ ಗೆರೆ ಎಳೀಬೇಕೇನೇ, ಪೂರ್ತಿ ಗೀಚಿಬಿಡೋ ಹಾಗಿಲ್ವಾ?’ ಎಂದು. ನಾನು ಸಹಿ, ತಾರೀಖು ಮರೀಬೇಡ ಎಂದಿದ್ದೆ. ಗಾಜಿನಣ್ಣ ಒಳಗೆ ಬಂದು, ಇಬ್ಬರೂ ನಗುತ್ತಿದ್ದೀವೋ ಅಳುತ್ತಿದ್ದೀವೋ ಗೊತ್ತಾಗದೆ ಹೊರಗೆ ಹೋಗಿದ್ದ.

ಇನ್ನು ವಿಷಯಕ್ಕೆ ಬರುತ್ತೇನೆ. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಯಾಕೆಂದರೆ ವರದಿಯನ್ನು ಏನೂ ಗೊತ್ತಿಲ್ಲದವರಿಗೂ ತಿಳಿಯುವಂತೆ ಬರೆಯಬೇಕೆಂಬ ಅಭ್ಯಾಸ ನನ್ನ ಕೈ ಬಿಟ್ಟಿಲ್ಲ. ನಾಳೆ ನೀನು ಇದನ್ನು ನಿನ್ನ ನಾದಿನಿಗೂ ತೋರಿಸಬೇಕು.

ಆ ವರ್ಷ ಗುಲಾಬಿ ಪೇಸ್ಟಿಗೆ ಹೊಸ ಕಡೆಯಿಂದ ಸೀಮೆಸುಣ್ಣದ ಪುಡಿ ಬಂದಿತ್ತು. ಸುಣ್ಣದ ಜೊತೆ ಸೀಸವೂ ಬರಬಹುದು, ಮಕ್ಕಳ ಹೊಟ್ಟೆಗೆ ಅದು ವಿಷ. ಪ್ರತಿ ಬ್ಯಾಚಿನಲ್ಲೂ ಸೀಸ ಎಷ್ಟಿದೆ ಎಂದು ನೋಡಬೇಕು, ಹತ್ತು ಲಕ್ಷ ಪಾಲಿಗೆ ಮೂರು ಪಾಲು ದಾಟಬಾರದು. ನಾನು ನೋಡುತ್ತಿದ್ದ ರೀತಿ ಹೀಗಿತ್ತು. ಶುದ್ಧ ನೀರಿಗೆ ಗೊತ್ತಿರುವಷ್ಟು ಸೀಸ ಹಾಕಿ, ಮಿಷಿನ್ ಎಷ್ಟು ತೋರಿಸುತ್ತದೆ ಎಂದು ಗ್ರಾಫಿನ ಮೇಲೆ ಒಂದು ಗೆರೆ ಎಳೆಯುವುದು. ಆಮೇಲೆ ಪೇಸ್ಟನ್ನು ಆಸಿಡ್‌ನಲ್ಲಿ ಕರಗಿಸಿ, ಅದೇ ಗೆರೆಗೆ ಹಿಡಿದು ಓದುವುದು. ಏಳು ಬ್ಯಾಚು ಓದಿದೆ. ಏಳರಲ್ಲೂ ಎರಡು. ಏಳಕ್ಕೂ ಸಹಿ ಹಾಕಿದೆ. ನನ್ನ ಗೆರೆ ಎಷ್ಟು ನೇರವಾಗಿರುತ್ತಿತ್ತೆಂದರೆ ಮುಖ್ಯಸ್ಥರು ಅದನ್ನು ಹೊಸಬರಿಗೆ ತೋರಿಸುತ್ತಿದ್ದರು.

ಎಂಟನೆಯದು ನಿನ್ನ ಪಾಲಿಗೆ ಬಂತು. ನೀನು ಸುಮ್ಮನೆ ಓದುವವಳಲ್ಲ, ಕೆಣಕುವವಳು. ಕರಗಿಸಿದ ಪೇಸ್ಟಿಗೆ ನೀನೇ ಹತ್ತು ಪಾಲು ಸೀಸ ಸೇರಿಸಿದೆ. ಹನ್ನೆರಡು ಬರಬೇಕಾದ ಕಡೆ ಆರು ಬಂತು. ಅಂದರೆ ಹಾಕಿದ ಹತ್ತರಲ್ಲಿ ಕಂಡದ್ದು ನಾಲ್ಕೇ. ‘ಮಿಕ್ಕ ಆರನ್ನ ಯಾರು ನುಂಗಿದ್ರು?’ ಎಂದು ನೀನು ಸ್ಟೂಲಿನಿಂದ ಇಳಿದು ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಮಿಷಿನ್‌ನ ಸಣ್ಣ ಕೊಳವೆಯಲ್ಲಿ ಎಲ್ಲ ಕಾದು ಹೊಗೆಯಾಗುವಾಗ ಸುಣ್ಣದ ಉಪ್ಪುಗಳು ಸೀಸವನ್ನು ಬಗಲಲ್ಲಿ ಕಟ್ಟಿಕೊಂಡು ಹೋಗುತ್ತಿವೆ, ಮಿಷಿನ್‌ಗೆ ಅದು ಕಾಣುವುದೇ ಇಲ್ಲ ಎಂದೆ. ಹಾಕಿದ ಹತ್ತು ನಾಲ್ಕಾಗಿ ಕಾಣುವುದಾದರೆ, ನಾವು ಎರಡೆಂದು ಓದುತ್ತಿರುವುದು ನಿಜದಲ್ಲಿ ಐದು ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ನೀನು ಮೆಣಸಿನಕಾಯಿ ಹೇಗಾಗುತ್ತೀಯ? ಐದು ಜನರ ಎದುರು ನನ್ನ ಕಡೆ ತಿರುಗಿ, ‘ನಿನ್ನ ಗೆರೆ ನೀರಲ್ಲಿ ಸರಿ ಕಣೆ, ಪೇಸ್ಟಲ್ಲಿ ಸುಳ್ಳು’ ಎಂದೆ. ನನಗೆ ಅದು ಚುಚ್ಚಿತು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ, ತುಂಬಾ ಚುಚ್ಚಿತು.

ಮುಖ್ಯಸ್ಥರು ನೋಡಿ, ಹತ್ತು ಹಾಕಿದ ಕಡೆ ನಾಲ್ಕು ಬಂದರೆ ಹಾಕಿದವಳ ಕೈ ಸರಿಯಿಲ್ಲ ಎಂದು ಅರ್ಥ ಎಂದರು. ನೀನು ಇನ್ನೊಮ್ಮೆ ಹಾಕಿದೆ, ನಾಲ್ಕು. ಮತ್ತೊಮ್ಮೆ, ನಾಲ್ಕು. ಕೈ ಸರಿಯಿಲ್ಲದಿದ್ದರೆ ಒಮ್ಮೆ ಮೂರು, ಒಮ್ಮೆ ಎಂಟು ಬರಬೇಕು. ಮೂರು ಸಲವೂ ಒಂದೇ ಅಂಕಿ ಬರುವಂತೆ ತಪ್ಪು ಮಾಡುವ ಕೈ ಯಾರಿಗಾದರೂ ಇರುತ್ತದೆಯೇ? ಈ ಮಾತು ಆ ಕೋಣೆಯಲ್ಲಿ ಎಲ್ಲರಿಗೂ ತಿಳಿಯಬೇಕಿತ್ತು, ಅದೇ ನಮ್ಮ ಕಸುಬು. ಯಾರೂ ಆಡಲಿಲ್ಲ. ಹಿಂದಿನ ವಾರ ನೀನು ಫ್ಲಾಸ್ಕು ಒಡೆದದ್ದು, ತಡವಾಗಿ ಬಂದದ್ದು, ಇವೆಲ್ಲ ಒಂದೊಂದಾಗಿ ಮೇಲೆ ಬಂದವು. ಗಾಜು ಕೊಳೆಯಾಗಿತ್ತೇನೋ ಎಂದು ಗಾಜಿನಣ್ಣನನ್ನೂ ಬೈದರು. ನೀನು ಎಂಟನೇ ಬ್ಯಾಚಿಗೆ ಸಹಿ ಹಾಕುವುದಿಲ್ಲ ಎಂದು ಕೂತೆ. ಲಾರಿಗಳು ಗೇಟಿನಲ್ಲಿ ಕಾಯುತ್ತಿದ್ದವು. ಕೊನೆಗೆ ಮುಖ್ಯಸ್ಥರು ನನ್ನ ಕಡೆ ತಿರುಗಿ, ನೀವೊಮ್ಮೆ ನಿಮ್ಮ ಕೈಯಿಂದಲೇ ಹಾಕಿ ನೋಡಿ, ನಿಮಗೂ ನಾಲ್ಕೇ ಬಂದರೆ ಇವಳ ಮಾತು ಒಪ್ಪುತ್ತೇನೆ ಎಂದರು. ಅದು ಬುಧವಾರ.

ಶುಕ್ರವಾರ ಬೆಳಿಗ್ಗೆ ಅವರು ಕೇಳಿದಾಗ ನಾನು, ಇನ್ನೂ ಹಾಕಿ ನೋಡಿಲ್ಲ, ಸೋಮವಾರ ನೋಡುತ್ತೇನೆ ಎಂದೆ. ಅವರು ಸೋಮವಾರದವರೆಗೆ ಕಾಯಲಿಲ್ಲ. ಮಧ್ಯಾಹ್ನ ನಿನ್ನ ಕೈಗೆ ಕೆಲಸದಿಂದ ತೆಗೆದ ಕಾಗದ ಕೊಟ್ಟರು.

ಸಂಜೆ ನೀನು ಬಿಳೀ ಕೋಟು ಮಡಚಿ ಮೇಜಿನ ಮೇಲಿಟ್ಟೆ, ಮೇಲಿನ ಗುಂಡಿ ಇರಲಿಲ್ಲ, ಅದರ ಜಾಗದಲ್ಲಿ ಪಿನ್ನು. ಜಗಳ ಆಡುತ್ತೀಯ ಎಂದುಕೊಂಡಿದ್ದೆ. ಆಡಲಿಲ್ಲ. ಎರಡೂ ಅಂಗೈ ನನ್ನ ಮುಂದೆ ಚಾಚಿ ಮೆಲ್ಲಗೆ ಕೇಳಿದೆ, ‘ನಿಜ ಹೇಳೇ. ನನ್ನ ಕೈ ಸರಿ ಇಲ್ವಾ?’ ನಾನು, ಇರಬಹುದು ಕಣೆ, ಈಚೆಗೆ ನಿನಗೆ ತುಂಬಾ ತಾಪತ್ರಯ, ಸ್ವಲ್ಪ ದಿನ ವಿಶ್ರಾಂತಿ ತಗೋ ಎಂದೆ. ಆಗ ನನಗೆ ಗೊತ್ತಿದ್ದದ್ದು ಅಷ್ಟೇ, ಗೊತ್ತಿದ್ದಷ್ಟನ್ನು ಹೇಳಿದೆ. ನೀನು ಅಂಗೈ ಮಡಚಿ ಜೇಬಿಗೆ ಹಾಕಿಕೊಂಡು ಹೋದೆ. ಬೇರೆ ಲ್ಯಾಬುಗಳು ಕರೆದರೂ ನೀನು ಹೋಗಲಿಲ್ಲ ಎಂದು ಆಮೇಲೆ ಕೇಳಿದೆ.

ನೀನು ಹೋದ ಮೇಲೆ ಮನಸ್ಸು ತಡೆಯಲಿಲ್ಲ. ಸೋಮವಾರ ಬೆಳಿಗ್ಗೆ ಎಲ್ಲರೂ ಬರುವ ಮೊದಲೇ ಬಂದು, ನೀನು ಕರಗಿಸಿಟ್ಟಿದ್ದ ಪೇಸ್ಟಿಗೆ ನನ್ನ ಕೈಯಿಂದ ಹತ್ತು ಹಾಕಿದೆ. ನಾಲ್ಕು ಬಂತು. ಅದೇ ಪಿಪೆಟ್ಟಿನಿಂದ ಬರೀ ನೀರಿಗೆ ಹತ್ತು ಹಾಕಿದೆ. ಹತ್ತು ಬಂತು. ಕೈ ತಪ್ಪಿದ್ದಲ್ಲ, ಪೇಸ್ಟು ಬಚ್ಚಿಟ್ಟುಕೊಂಡದ್ದು. ಮುಖ್ಯಸ್ಥರಿಗೆ ತೋರಿಸಿದೆ. ಅವರ ಮುಖ ಆ ಸೀಮೆಸುಣ್ಣಕ್ಕಿಂತ ಬಿಳಿಯಾಯಿತು. ಎಂಟನೆಯದೂ, ಗೋದಾಮಿನಲ್ಲಿದ್ದ ಐದು ಬ್ಯಾಚೂ ಅಲ್ಲೇ ನಿಂತವು. ಅಂಗಡಿಗೆ ಹೋಗಿದ್ದ ಎರಡನ್ನು ಮುಚ್ಚಳ ಸರಿಯಿಲ್ಲ ಎಂಬ ನೆಪ ಹೇಳಿ ವಾಪಸ್ ತರಿಸಿದರು. ಮುನ್ನೂರ ಹನ್ನೆರಡು ಟ್ಯೂಬು ವಾಪಸ್ ಬರಲಿಲ್ಲ. ಆ ಸಂಖ್ಯೆ ನನ್ನ ಮನೆ ನಂಬರಿಗಿಂತ ಚೆನ್ನಾಗಿ ನೆನಪಿದೆ.

ನಿನ್ನನ್ನು ಕರೆಸೋಣ ಎಂದೆ. ‘ಹೋದವಳು ಹೋದಳು, ಈಗ ಕರೆದ್ರೆ ತಪ್ಪೆಲ್ಲ ನಮ್ಮದೇ ಅಂತಾಗುತ್ತೆ’ ಎಂದರು. ನಾನು ಎರಡನೇ ಸಲ ಹೇಳಲಿಲ್ಲ. ಮುಂದಿನ ತಿಂಗಳು ನಮ್ಮಿಬ್ಬರಲ್ಲಿ ಒಬ್ಬರಿಗೆ ಎಂದಿದ್ದ ಹಿರಿಯ ಹುದ್ದೆ, ಒಬ್ಬಳೇ ಉಳಿದಿದ್ದ ನನಗೆ ಬಂತು.

ಅಂದಿನಿಂದ ಅಲ್ಲಿ ಯಾವ ಹೊಸ ಪದಾರ್ಥ ಬಂದರೂ, ಬಾಯಿ ಮುಕ್ಕಳಿಸುವ ಔಷಧವಾಗಲಿ ಮುಖಕ್ಕೆ ಹಚ್ಚುವ ಕ್ರೀಮಾಗಲಿ, ಮೊದಲು ನಾಲ್ಕು ಲೋಟ ಇಡುತ್ತಾರೆ. ಒಂದಕ್ಕೆ ಏನೂ ಇಲ್ಲ, ಮಿಕ್ಕವಕ್ಕೆ ಹತ್ತು, ಇಪ್ಪತ್ತು, ಮೂವತ್ತು. ಗೆರೆಯನ್ನು ನೀರಿನಲ್ಲಿ ಎಳೆಯುವುದಿಲ್ಲ, ಆ ಪದಾರ್ಥದೊಳಗೇ ಎಳೆಯುತ್ತಾರೆ. ಹೊಸದಾಗಿ ಸೇರಿದ ಹುಡುಗಿಯರು ಅದನ್ನು ‘ಮೇಡಂ ಅವರ ನಾಲ್ಕು ಲೋಟ’ ಎನ್ನುತ್ತಾರೆ. ನಾನು ಕಲಿಸಿದವರೇ ನಲವತ್ತು ಜನ ಇರಬಹುದು. ಪ್ರತಿಯೊಬ್ಬರ ಮೊದಲ ದಿನವೂ, ಹತ್ತು ಹಾಕಿ ಎಷ್ಟು ಬರುತ್ತೆ ನೋಡಿ ಎನ್ನುವಾಗ ಪಕ್ಕದ ಸ್ಟೂಲಿನಿಂದ ಯಾರೋ ಇಳಿದು ಬಂದಂತೆ ಆಗುತ್ತಿತ್ತು. ಆ ಸ್ಟೂಲನ್ನು ರಿಪೇರಿಗೆ ಕಳಿಸಲು ಕೊನೆಯವರೆಗೂ ಬಿಡಲಿಲ್ಲ. ಕಾಗದ ಮಾತ್ರ ವರ್ಷಕ್ಕೊಮ್ಮೆ ಬದಲಿಸುತ್ತಿದ್ದೆ.

ಈಗ ಹೊಸ ಲ್ಯಾಬು ಕಟ್ಟಿದ್ದಾರೆ. ಬಾಗಿಲ ಪಕ್ಕದ ಹಿತ್ತಾಳೆ ಫಲಕದಲ್ಲಿ ಆ ವಿಧಾನವನ್ನು ಮೊದಲು ತಂದವಳು ಎಂದು ನನ್ನ ಹೆಸರು ಕೆತ್ತುತ್ತಾರಂತೆ, ಮುಂದಿನ ತಿಂಗಳ ಒಂದರಂದು ಸಮಾರಂಭ. ಈಗಿನ ಮುಖ್ಯಸ್ಥೆ ನನ್ನ ಕೈಕೆಳಗೆ ಕಲಿತ ಹುಡುಗಿ. ಅವಳ ಎದುರು ಕೂತು, ಇದು ನನ್ನದಲ್ಲಮ್ಮ, ಇನ್ನೊಬ್ಬಳದು ಎಂದೆ. ಅವಳು ನನ್ನನ್ನು ದಿಟ್ಟಿಸಿ, ‘ಬರವಣಿಗೇಲಿ ಏನಾದ್ರೂ ಇದೆಯಾ ಮೇಡಂ? ನೀವೇ ಕಲ್ಸಿದ್ದಲ್ವಾ, ಬರೀದೆ ಇದ್ದದ್ದು ನಡೆದೇ ಇಲ್ಲ ಅಂತ’ ಎಂದಳು. ನನ್ನ ಪಾಠ ನನಗೇ ಒಪ್ಪಿಸಿದಳು, ಜಾಣೆ.

ಬರವಣಿಗೆಯಲ್ಲಿ ಇದೆ. ಆ ಹಳದಿ ಹಾಳೆಯೇ ಅದು. ಟಿಪ್ಪಣಿ ಪುಸ್ತಕದ ಪುಟ ಹರಿಯುವುದು ನಮ್ಮಲ್ಲಿ ಕೊಲೆಗೆ ಸಮ ಎಂದು ನಿನಗೆ ಗೊತ್ತು, ಆದರೂ ಬ್ಲೇಡಿನಿಂದ ಕುಯ್ದು ತಂದಿದ್ದೆ. ಕಳೆದುಹೋಗಬಾರದೆಂದು. ಇಷ್ಟು ವರ್ಷ ಬೀರುವಿನಲ್ಲಿ, ಮಡಚಿದ ಬಟ್ಟೆಗಳ ಕೆಳಗೆ ಹಾಸಿದ ಕಾಗದದ ಅಡಿಯಲ್ಲಿತ್ತು. ಮೇಲಿನರ್ಧ ನಿನ್ನ ಅಕ್ಷರ, ನಾಲ್ಕು, ನಾಲ್ಕು, ನಾಲ್ಕು. ಅದರ ಮೇಲೆ ಕೆಂಪು ಶಾಯಿಯಲ್ಲಿ ಮುಖ್ಯಸ್ಥರು ಬರೆದ ‘ಕೈ ಅಜಾಗರೂಕ’. ಕೆಳಗಿನರ್ಧ ನನ್ನ ಅಕ್ಷರ. ಪೇಸ್ಟಿಗೆ ನಾನು ಹಾಕಿದ ಹತ್ತು, ಬಂದದ್ದು ನಾಲ್ಕು. ನೀರಿಗೆ ಹಾಕಿದ ಹತ್ತು, ಬಂದದ್ದು ಹತ್ತು.

ಇದನ್ನು ನಾನೇ ಮುಖ್ಯಸ್ಥೆಗೆ ಕೊಡಬಹುದಿತ್ತು. ಆದರೆ ಮೊದಲು ನಿನ್ನ ಕೈಗೆ ಬರಬೇಕೆನಿಸಿತು. ಇದನ್ನು ಅವಳಿಗೆ ಕಳಿಸಿದರೆ ಫಲಕದಲ್ಲಿ ನಿನ್ನ ಹೆಸರು ಬರುತ್ತದೆ, ನಿನ್ನ ಹಳೆಯ ಕಡತಕ್ಕೂ ಸೇರಿರುವ ಆ ಕೆಂಪು ಮಾತಿನ ಮೇಲೆ ಗೆರೆ ಬೀಳುತ್ತದೆ. ಕಳಿಸದಿದ್ದರೆ ಫಲಕದ ಜಾಗ ಖಾಲಿ ಇರುತ್ತದೆ, ನನ್ನ ಹೆಸರು ಬೇಡವೆಂದು ಬರೆದುಕೊಟ್ಟಿದ್ದೇನೆ. ನೀನು ಏನು ಮಾಡಿದರೂ ಸರಿ, ನಿನ್ನ ಅಂಗಡಿಯಲ್ಲಿ ಇನ್ನು ಮೇಲೆ ಒಂದೇ ಸಲ ಅಳೆ. ನಾದಿನಿಗೂ ಬೇರೆ ಕೆಲಸ ಇರುತ್ತದೆ.

ನಿನ್ನ ನಗು ಕೇಳದೆ ಬಹಳ ದಿನವಾಯಿತು. ಬೈಗುಳವಾದರೂ ಕೇಳಿಸಿದರೆ ಸಾಕು ಎನ್ನುವ ಹಾಗಾಗಿದೆ.

ಅದೇ ಮೇಜಿನ ಇನ್ನೊಂದು ಬದಿಯವಳು,
ನಿನ್ನ ಗಡಿಯಾರ

ಮರೆತದ್ದು: ಲಕೋಟೆ ಅಂಟಿಸುವ ಮುಂಚೆ ಹಳದಿ ಹಾಳೆಯನ್ನು ಇನ್ನೊಮ್ಮೆ ನೋಡಿದೆ. ಕೆಳಗಿನರ್ಧದಲ್ಲಿ ನನ್ನ ಸಹಿಯ ಪಕ್ಕ ತಾರೀಖಿದೆ, ಹನ್ನೊಂದು. ನೀನು ಹೋದದ್ದು ಹನ್ನೆರಡು. ಪತ್ರವನ್ನು ಬೇರೆ ಬರೆಯಲು ಕೂತೆ, ಮನಸ್ಸು ಒಪ್ಪಲಿಲ್ಲ. ಮೇಲೆ ಪತ್ರದಲ್ಲಿ ‘ಸೋಮವಾರ ಬೆಳಿಗ್ಗೆ’ ಎಂದಿರುವಲ್ಲಿ ಒಂದೇ ಗೆರೆ ಎಳೆದು, ‘ಗುರುವಾರ, ಊಟದ ಹೊತ್ತು’ ಎಂದು ಬರೆದು ಸಹಿ ಹಾಕಿದ್ದೇನೆ. ಕೆಳಗಿನ ತಪ್ಪು ಓದಲು ಬರುತ್ತದೆ. ನೀನು ಕೆಳಗೆ ಗಾಜಿನಣ್ಣನ ಜೊತೆ ಬ್ರೆಡ್ಡು ತಿನ್ನುತ್ತಿದ್ದೆ, ನಾನು ಮೇಲೆ ಹತ್ತು ಹಾಕಿ ನೋಡುತ್ತಿದ್ದೆ. ಸೋಮವಾರ ನಡೆದದ್ದು ಮುಖ್ಯಸ್ಥರ ಕಣ್ಣಿಗೆ ಮಾಡಿದ ನಾಟಕ. ಪುಟ ಕುಯ್ದದ್ದು ಕಳೆದುಹೋಗಬಾರದೆಂದಲ್ಲ, ಆ ತಾರೀಖಿಗೆ ಹೆದರಿ. ಏಳು ಸಹಿ ನನ್ನವಿದ್ದವು, ಹುದ್ದೆ ಒಂದೇ ಇತ್ತು, ಐದು ಜನರ ಎದುರು ನೀನಾಡಿದ ಮಾತು ಇನ್ನೂ ಉರಿಯುತ್ತಿತ್ತು. ಗುರುವಾರ ಸಂಜೆ ಮನೆಗೆ ಹೋದವಳೇ ಮಗಳ ದಿಂಬಿನ ಕೆಳಗಿನ ಗುಲಾಬಿ ಟ್ಯೂಬು ತೆಗೆದು ಕಸಕ್ಕೆ ಹಾಕಿದೆ. ಮರುದಿನ ನೀನು ಅಂಗೈ ಚಾಚಿ ಕೇಳಿದಾಗ ನನಗೆ ಗೊತ್ತಿತ್ತು.